ಒಂಬತ್ತು ಸಾಲಿನ ಕೋಷ್ಟಕ: ದಿನಾಂಕದ ಪ್ರಶ್ನೆಗಳನ್ನು ಕಲಿಸಿದ ಒಂದು ಅಭ್ಯಾಸ ಪಾಠ

ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲಿ 'ವಿಷಯ ಪ್ರಭುತ್ವ' ಎಂಬ ಒಂದು ಕಲಂ ಇದೆ. 2024ರ ಸೆಪ್ಟೆಂಬರ್ 18ರಂದು ಅದರ ಎದುರು ನಾನು 'ಉತ್ತಮ' ಎಂದು ಬರೆದು ಸಹಿ ಹಾಕಿದೆ. ಆ ಪಾಠದಲ್ಲಿ ಪರದೆಯ ಮೇಲೆ ಬಂದ ಎರಡು ಉತ್ತರಗಳೂ ತಪ್ಪಾಗಿದ್ದವು. ಪಾಠ ಮಾಡಿದ ಪ್ರಶಿಕ್ಷಣಾರ್ಥಿಗೆ ಅದು ಗೊತ್ತಾಗಲಿಲ್ಲ, ಕೊನೆಯ ಬೆಂಚಿನಲ್ಲಿ ಕುಳಿತಿದ್ದ ನನಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ದ್ವಿತೀಯ ಪಿಯುಸಿಯ ಒಬ್ಬ ಹುಡುಗಿಗೆ. ಅವಳು ಹುಡುಕಲು ಹೊರಟದ್ದೂ ಕುತೂಹಲದಿಂದಲ್ಲ, ಅವಮಾನವಾಗಿದ್ದರಿಂದ.

ಪಾಠದ ಘಟಕ ಗಣಕವಿಜ್ಞಾನದ ಎಸ್‌ಕ್ಯೂಎಲ್. ಕಲಿಕಾಂಶ, ದಿನಾಂಕ ಇರುವ ಕೋಷ್ಟಕದಿಂದ ಮಾಹಿತಿ ಹೆಕ್ಕುವುದು. ಪಠ್ಯಗಳಲ್ಲಿ ಸಾಮಾನ್ಯವಾಗಿ ಬರುವ ಉದಾಹರಣೆ ನೌಕರರ ಕೋಷ್ಟಕ: ಹೆಸರು, ಸಂಬಳ, ಕೆಲಸಕ್ಕೆ ಸೇರಿದ ದಿನ. ಪ್ರಶಿಕ್ಷಣಾರ್ಥಿ ಅದನ್ನು ಬಿಟ್ಟು ಅದೇ ಕಾಲೇಜಿನ ಗ್ರಂಥಾಲಯದ ಗಣಕದಿಂದ ಪುಸ್ತಕ ವಿತರಣೆಯ ಒಂಬತ್ತು ಸಾಲುಗಳನ್ನು ತಂದಿದ್ದರು. ಮಕ್ಕಳ ಅನುಭವಕ್ಕೆ ಹತ್ತಿರದ ಉದಾಹರಣೆ ಎಂದು ಪಾಠಯೋಜನೆ ತಿದ್ದುವಾಗ ನಾನೇ ಮೆಚ್ಚಿದ್ದೆ. ಸಾಲುಗಳು ಹೀಗಿದ್ದವು. ವಿದ್ಯಾರ್ಥಿಗಳ ಕ್ರಮಸಂಖ್ಯೆಯನ್ನು ಇಲ್ಲಿ ಬದಲಿಸಿದ್ದೇನೆ. ಅಂದು ತರಗತಿಯಲ್ಲೂ ಬದಲಿಸಬೇಕಾಗಿತ್ತು.

ಸಾಲು 1: ವಿದ್ಯಾರ್ಥಿ 07, ಕೊಟ್ಟದ್ದು 2024-07-29 10:40, ಮರಳಿಸಿದ್ದು 2024-08-06 11:15
ಸಾಲು 2: ವಿದ್ಯಾರ್ಥಿ 12, ಕೊಟ್ಟದ್ದು 2024-08-01 10:05, ಮರಳಿಸಿದ್ದು 2024-08-12 15:30
ಸಾಲು 3: ವಿದ್ಯಾರ್ಥಿ 03, ಕೊಟ್ಟದ್ದು 2024-08-05 13:20, ಮರಳಿಸಿದ್ದು 2024-08-19 10:10
ಸಾಲು 4: ವಿದ್ಯಾರ್ಥಿ 21, ಕೊಟ್ಟದ್ದು 2024-08-08 15:45, ಮರಳಿಸಿದ್ದು ನಲ್
ಸಾಲು 5: ವಿದ್ಯಾರ್ಥಿ 12, ಕೊಟ್ಟದ್ದು 2024-08-13 10:30, ಮರಳಿಸಿದ್ದು 2024-08-29 13:25
ಸಾಲು 6: ವಿದ್ಯಾರ್ಥಿ 18, ಕೊಟ್ಟದ್ದು 2024-08-22 13:10, ಮರಳಿಸಿದ್ದು 2024-09-03 10:20
ಸಾಲು 7: ವಿದ್ಯಾರ್ಥಿ 03, ಕೊಟ್ಟದ್ದು 2024-08-31 10:15, ಮರಳಿಸಿದ್ದು ನಲ್
ಸಾಲು 8: ವಿದ್ಯಾರ್ಥಿ 25, ಕೊಟ್ಟದ್ದು 2024-08-31 11:50, ಮರಳಿಸಿದ್ದು 2024-09-10 10:00
ಸಾಲು 9: ವಿದ್ಯಾರ್ಥಿ 07, ಕೊಟ್ಟದ್ದು 2024-09-02 10:25, ಮರಳಿಸಿದ್ದು ನಲ್

ಇದನ್ನು ಓದುತ್ತಿರುವ ಪ್ರಶಿಕ್ಷಣಾರ್ಥಿಗಳು ಮುಂದೆ ಹೋಗುವ ಮೊದಲು ಆಗಸ್ಟ್ ತಿಂಗಳಲ್ಲಿ ಎಷ್ಟು ಪುಸ್ತಕ ಕೊಟ್ಟಿದ್ದಾರೆಂದು ಬೆರಳಿನಲ್ಲಿ ಎಣಿಸಿಕೊಳ್ಳಿ. ಆದೇಶಗಳನ್ನು ತರಗತಿಯಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಬರೆದಿದ್ದರೂ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಡುತ್ತಿದ್ದೇನೆ.

ಮೊದಲ ಆದೇಶ ಇದು:

ಸೆಲೆಕ್ಟ್ ಕೌಂಟ್(*) ಫ್ರಮ್ ವಿತರಣೆ ವೇರ್ ಕೊಟ್ಟದ್ದು ಬಿಟ್ವೀನ್ '2024-08-01' ಆಂಡ್ '2024-08-31';

ಉತ್ತರ 5 ಎಂದು ಬಂತು. ಯಾರೂ ಎಣಿಸಿ ನೋಡಲಿಲ್ಲ. ಪ್ರಶಿಕ್ಷಣಾರ್ಥಿ ಮುಂದಿನ ಆದೇಶಕ್ಕೆ ಹೋದರು. ಗ್ರಂಥಾಲಯದ ಬಾಗಿಲಲ್ಲಿ 'ಪುಸ್ತಕವನ್ನು 15 ದಿನಗಳೊಳಗೆ ಹಿಂತಿರುಗಿಸತಕ್ಕದ್ದು' ಎಂಬ ಫಲಕವಿದೆ; ತಡ ಮಾಡಿದವರು ಯಾರು?

ಸೆಲೆಕ್ಟ್ ವಿದ್ಯಾರ್ಥಿ ಫ್ರಮ್ ವಿತರಣೆ ವೇರ್ ಡೇಟ್‌ಡಿಫ್(ಮರಳಿಸಿದ್ದು, ಕೊಟ್ಟದ್ದು) > 15;

ಪರದೆಯ ಮೇಲೆ ಒಂದೇ ಸಂಖ್ಯೆ ಬಂತು: 12. ಇಡೀ ತರಗತಿ ಎರಡನೇ ಬೆಂಚಿನ ಕಡೆ ತಿರುಗಿ ನೋಡಿತು. ಆ ಹುಡುಗಿ ಎದ್ದು ನಿಂತು, "ಮಿಸ್, ನಾನು ಮಂಗಳವಾರಾನೇ ಕೊಟ್ಟಿದ್ದೆ. ಲೈಬ್ರರಿ ಸರ್ ಇರ್ಲಿಲ್ಲ, ಅಟೆಂಡರ್ ಅಣ್ಣನ ಕೈಗೆ ಕೊಟ್ಟು ಬಂದೆ" ಎಂದಳು. ಹಿಂದಿನಿಂದ ಯಾರೋ ನಕ್ಕರು. ಪ್ರಶಿಕ್ಷಣಾರ್ಥಿ, "ಕಂಪ್ಯೂಟರಿನಲ್ಲಿ ಇರೋದನ್ನೇ ತಾನೇ ಅದು ಹೇಳೋದು? ಕೂತ್ಕೊಳ್ಳಮ್ಮ" ಎಂದು ಪಾಠ ಮುಂದುವರಿಸಿದರು. ನಾನು ನಮೂನೆಯಲ್ಲಿ ತರಗತಿ ನಿಯಂತ್ರಣಕ್ಕೂ ಒಳ್ಳೆಯ ಅಂಕ ಕೊಟ್ಟೆ.

ಗಂಟೆ ಹೊಡೆದ ಮೇಲೆ ಆ ಹುಡುಗಿ ನೋಟ್‌ಪುಸ್ತಕ ಹಿಡಿದು ಬಂದಳು. ಒಂಬತ್ತು ಸಾಲುಗಳನ್ನೂ ಬರೆದುಕೊಂಡು ಒಂದೊಂದರ ಮುಂದೆ ಗುರುತು ಹಾಕಿದ್ದಳು. "ಆಗಸ್ಟಿನಲ್ಲಿ ಐದಲ್ಲ ಮಿಸ್, ಏಳು. ಇಪ್ಪತ್ತೊಂದನೇ ನಂಬರಿನವನು ಇವತ್ತಿಗೂ ಪುಸ್ತಕ ಕೊಟ್ಟಿಲ್ಲ. ಅವನ ನಂಬರ್ ಯಾಕೆ ಬರ್ಲಿಲ್ಲ?" ಪ್ರಶಿಕ್ಷಣಾರ್ಥಿ ನನ್ನ ಮುಖ ನೋಡಿದರು. ನನ್ನ ಬಳಿ ಆ ಕ್ಷಣಕ್ಕೆ ಉತ್ತರವಿರಲಿಲ್ಲ.

ಸಂಜೆ ಪ್ರಯೋಗಾಲಯದಲ್ಲಿ ಇಬ್ಬರೂ ಕುಳಿತೆವು. ಮೊದಲ ತಪ್ಪಿನ ಮೂಲ ಸುಲಭವಾಗಿ ಸಿಕ್ಕಿತು. ಪಠ್ಯದ ಕೋಷ್ಟಕಗಳಲ್ಲಿ ಕಾಲಂ ಬರಿಯ ದಿನಾಂಕದ್ದು, ಅಲ್ಲಿ ಬಿಟ್ವೀನ್ ಸರಿಯಾಗಿಯೇ ಕೆಲಸ ಮಾಡುತ್ತದೆ. ಗ್ರಂಥಾಲಯದ ಕೋಷ್ಟಕದಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷಗಳೂ ಇವೆ. ಅಂಥ ಕಾಲಂ ಎದುರು '2024-08-31' ಎಂದು ಬರೆದರೆ ಮೈಎಸ್‌ಕ್ಯೂಎಲ್ ಅದನ್ನು 31ನೇ ತಾರೀಖಿನ 00:00 ಗಂಟೆ ಎಂದು ಓದುತ್ತದೆ. ಅಂದರೆ 30ರ ರಾತ್ರಿ ಮುಗಿದು 31 ಆರಂಭವಾಗುವ ಕ್ಷಣ. ಬಿಟ್ವೀನ್ ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ ಎಂದು ನಾವು ಕಲಿಸುತ್ತೇವೆ. ಸೇರಿಸಿಕೊಂಡದ್ದೂ ನಿಜ, ಆದರೆ ಆ ಒಂದು ಕ್ಷಣವನ್ನು ಮಾತ್ರ. 31ರ ಬೆಳಿಗ್ಗೆ 10:15ಕ್ಕೂ 11:50ಕ್ಕೂ ಕೊಟ್ಟ ಎರಡು ಪುಸ್ತಕಗಳು ಅದರ ಆಚೆ ಉಳಿದವು.

ಪ್ರಶಿಕ್ಷಣಾರ್ಥಿ ತಕ್ಷಣ ಕೊನೆಯ ತುದಿಯನ್ನು '2024-08-31 23:59:59' ಎಂದು ತಿದ್ದಿದರು. ಉತ್ತರ 7 ಬಂತು. ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ, ನಾನೂ ಹಿಂದೆ ಹಾಗೆಯೇ ಕಲಿಸಿದ್ದೇನೆ. ಆದರೆ ಸೆಕೆಂಡಿನ ಭಾಗಗಳನ್ನೂ ದಾಖಲಿಸುವ ಕಾಲಂ ಆದರೆ ಆ ಕೊನೆಯ ಸೆಕೆಂಡಿನೊಳಗಿನದು ಮತ್ತೆ ತಪ್ಪಿಹೋಗುತ್ತದೆ. ಮೈಎಸ್‌ಕ್ಯೂಎಲ್ ಸೆಕೆಂಡಿನ ಆರು ದಶಮಾಂಶ ಸ್ಥಾನಗಳವರೆಗೆ ಇಟ್ಟುಕೊಳ್ಳಬಲ್ಲದು. ಅದಕ್ಕಿಂತ ಬೇಸರದ ಸಂಗತಿ, ಫೆಬ್ರುವರಿಗೆ 28 ಬರೆಯಬೇಕೋ 29 ಬರೆಯಬೇಕೋ ಎಂದು ಪ್ರತಿ ವರ್ಷವೂ ಯೋಚಿಸಬೇಕು. ತಿಂಗಳ ಕೊನೆಯನ್ನು ಹುಡುಕುವ ಬದಲು ಮುಂದಿನ ತಿಂಗಳ ಮೊದಲನ್ನು ಹಿಡಿದರೆ ಈ ತೊಂದರೆಯೇ ಇಲ್ಲ:

ವೇರ್ ಕೊಟ್ಟದ್ದು >= '2024-08-01' ಆಂಡ್ ಕೊಟ್ಟದ್ದು < '2024-09-01'

ಆರಂಭ ಒಳಗೆ, ಅಂತ್ಯ ಹೊರಗೆ. ಒಂದು ತಿಂಗಳು ಮುಗಿಯುವಲ್ಲೇ ಇನ್ನೊಂದು ಆರಂಭವಾಗುತ್ತದೆ, ನಡುವೆ ಬಿರುಕಿಲ್ಲ, ಯಾವ ಸಾಲೂ ಎರಡು ತಿಂಗಳಲ್ಲಿ ಎಣಿಕೆಯಾಗುವುದಿಲ್ಲ. ಕೆಲವರು ಮಂತ್(ಕೊಟ್ಟದ್ದು) = 8 ಎಂದು ಬರೆಯುತ್ತಾರೆ. ಈ ಒಂಬತ್ತು ಸಾಲಿಗೆ ಅದೂ 7 ಎನ್ನುತ್ತದೆ. ಮುಂದಿನ ವರ್ಷದ ಆಗಸ್ಟ್ ಬಂದಾಗ ಎರಡು ವರ್ಷದ್ದನ್ನೂ ಕೂಡಿಸಿ ಹೇಳುತ್ತದೆ. ಜೊತೆಗೆ ಕಾಲಂ ಅನ್ನು ಹೀಗೆ ಫಂಕ್ಷನ್ ಒಳಗೆ ಹಾಕಿದರೆ ಆ ಕಾಲಂ ಮೇಲಿನ ಇಂಡೆಕ್ಸ್ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಒಂಬತ್ತು ಸಾಲಿನಲ್ಲಿ ಅದು ಕಾಣದು, ಲಕ್ಷಗಟ್ಟಲೆ ಸಾಲುಗಳಾದಾಗ ಕಾಣುತ್ತದೆ.

ಎರಡನೇ ತಪ್ಪು ನನಗೆ ಹೆಚ್ಚು ನಾಚಿಕೆ ತಂದಿತು. ಪುಸ್ತಕ ಮರಳಿಸದವರ ಕಾಲಂನಲ್ಲಿ ನಲ್ ಇದೆ. ನಲ್ ಎಂದರೆ ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ. ಬೆಲೆ ಇಲ್ಲ, ಅಥವಾ ಇನ್ನೂ ಗೊತ್ತಿಲ್ಲ ಎಂದರ್ಥ. ಗೊತ್ತಿಲ್ಲದ ದಿನದಿಂದ ಗೊತ್ತಿರುವ ದಿನವನ್ನು ಕಳೆದರೆ ಬರುವುದೂ ಗೊತ್ತಿಲ್ಲ. 'ಗೊತ್ತಿಲ್ಲ' 15ಕ್ಕಿಂತ ಹೆಚ್ಚೇ ಎಂದು ಕೇಳಿದರೆ ಎಸ್‌ಕ್ಯೂಎಲ್ ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದಿಲ್ಲ. ಮೂರನೆಯದಾದ 'ತಿಳಿಯದು' ಎಂಬ ಉತ್ತರ ಕೊಡುತ್ತದೆ. ವೇರ್ ಒಳಗೆ ಬಿಟ್ಟುಕೊಳ್ಳುವುದು 'ಹೌದು' ಎಂದ ಸಾಲುಗಳನ್ನು ಮಾತ್ರ. ಹಾಗಾಗಿ 41 ದಿನಗಳಿಂದ ಪುಸ್ತಕ ಇಟ್ಟುಕೊಂಡವನು, 18 ದಿನದವನು, 16 ದಿನದವನು, ಮೂವರೂ ಪಟ್ಟಿಯಿಂದ ಪಾರಾದರು. ಪುಸ್ತಕವನ್ನು ತಂದುಕೊಟ್ಟವಳು ಒಬ್ಬಳೇ ಸಿಕ್ಕಿಬಿದ್ದಳು. ನಲ್ ಬಗ್ಗೆ ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ, 'ಈಸ್ ನಲ್ ಎಂದು ಬರೆಯಬೇಕು, ಸಮ ಚಿಹ್ನೆ ಹಾಕಬಾರದು' ಎಂದು ಬಾಯಿಪಾಠ ಮಾಡಿಸುತ್ತೇನೆ. ಡೇಟ್‌ಡಿಫ್ ಒಳಗೆ ಅದು ಅಡಗಿ ಕುಳಿತಾಗ ಗುರುತಿಸಲಿಲ್ಲ.

ತಿದ್ದಿದ ಆದೇಶದಲ್ಲಿ ಮರಳಿಸಿದ ದಿನ ಇಲ್ಲದಿದ್ದರೆ ಇಂದಿನ ದಿನವನ್ನು ತೆಗೆದುಕೊಳ್ಳುವಂತೆ ಮಾಡಿದೆವು:

ವೇರ್ ಡೇಟ್‌ಡಿಫ್(ಕೋಅಲೆಸ್(ಮರಳಿಸಿದ್ದು, ನೌ()), ಕೊಟ್ಟದ್ದು) > 15

ಈಗ 4, 5, 7, 9ನೇ ಸಾಲುಗಳು ಬಂದವು.

ಉಳಿದದ್ದು ಆ ಹುಡುಗಿಯ ಮಾತು. ಮರುದಿನ ಗ್ರಂಥಪಾಲಕರನ್ನು ಕೇಳಿದೆವು. ಆಗಸ್ಟ್ 27ರ ಮಂಗಳವಾರ, 28ರ ಬುಧವಾರ ಅವರು ರಜೆಯಲ್ಲಿದ್ದರು. ಅಟೆಂಡರ್ ಮೇಜಿನ ಮೇಲಿಟ್ಟಿದ್ದ ಪುಸ್ತಕಗಳನ್ನು 29ರ ಮಧ್ಯಾಹ್ನ ಗಣಕಕ್ಕೆ ಏರಿಸಿದ್ದರು. ಮರಳಿಸಿದ್ದು ಎಂಬ ಕಾಲಂನಲ್ಲಿ ಇದ್ದದ್ದು ಮರಳಿಸಿದ ಸಮಯವಲ್ಲ, ನಮೂದಿಸಿದ ಸಮಯ. ಸಂಗತಿ ನಡೆದ ಕಾಲ ಒಂದು, ಅದು ಕೋಷ್ಟಕಕ್ಕೆ ತಿಳಿದ ಕಾಲ ಇನ್ನೊಂದು. ದತ್ತಸಂಚಯದವರು ಈ ಭೇದವನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ರಿಚರ್ಡ್ ಸ್ನಾಡ್‌ಗ್ರಾಸ್ ಅವರು ಎಸ್‌ಕ್ಯೂಎಲ್‌ನಲ್ಲಿ ಕಾಲವನ್ನು ನಿರ್ವಹಿಸುವುದರ ಬಗ್ಗೆ ಒಂದು ಪೂರ್ಣ ಪುಸ್ತಕವನ್ನೇ ಬರೆದರು, 2011ರ ಎಸ್‌ಕ್ಯೂಎಲ್ ಮಾನಕದಲ್ಲಿ ಈ ಎರಡೂ ಬಗೆಯ ಕಾಲಾವಧಿಗಳಿಗೆ ಜಾಗ ಸಿಕ್ಕಿತು. ಪಿಯುಸಿ ಮಕ್ಕಳಿಗೆ ಆ ಮಾನಕ ಬೇಕಿಲ್ಲ. ಆದರೆ 'ಈ ಸಮಯವನ್ನು ಬರೆದವರು ಯಾರು, ಯಾವಾಗ?' ಎಂದು ಕೇಳುವ ಅಭ್ಯಾಸ ಬೇಕು. 'ಕಂಪ್ಯೂಟರಿನಲ್ಲಿ ಇರೋದನ್ನೇ ತಾನೇ ಹೇಳೋದು' ಎಂಬ ಪ್ರಶಿಕ್ಷಣಾರ್ಥಿಯ ಮಾತು ಸುಳ್ಳಲ್ಲ. ಒಬ್ಬ ವಿದ್ಯಾರ್ಥಿಯನ್ನು ಕೂರಿಸಲು ಅದನ್ನು ಬಳಸಿದ್ದು ತಪ್ಪಾಯಿತು.

ಸೆಪ್ಟೆಂಬರ್ 20ರ ಶುಕ್ರವಾರ ಅದೇ ತರಗತಿಗೆ ಅದೇ ಪಾಠವನ್ನು ಮತ್ತೆ ಮಾಡುವುದೆಂದು ತೀರ್ಮಾನಿಸಿದೆವು. ನಮ್ಮ ಕಾರ್ಯಕ್ರಮಪಟ್ಟಿಯಲ್ಲಿ ಮರುಪಾಠಕ್ಕೆ ಅವಕಾಶವಿಲ್ಲ. ನನ್ನ ಒಂದು ಪ್ರಾತ್ಯಕ್ಷಿಕೆಯ ಅವಧಿಯನ್ನು ಬಿಟ್ಟುಕೊಟ್ಟೆ. ಪಾಠದ ಮೊದಲ ಮಾತು ಪ್ರಶಿಕ್ಷಣಾರ್ಥಿಯದು: ಮೊನ್ನೆಯ ಎರಡೂ ಉತ್ತರಗಳು ತಪ್ಪು, ಹನ್ನೆರಡನೇ ನಂಬರಿನವರು ಹೇಳಿದ್ದು ಸರಿ. ಅದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಹೇಳಿದ ಮೇಲೆ ಅವರ ದನಿ ಸಲೀಸಾಯಿತು.

ಪೀಠಿಕೆಗೆ ಬಸ್ಸಿನ ಪ್ರಶ್ನೆ. ಶನಿವಾರ ರಾತ್ರಿ ಮನೆಯಲ್ಲಿ ಊಟ ಮುಗಿಸಿ 12:15ರ ಬಸ್ಸು ಹಿಡಿಯಬೇಕು, ಟಿಕೆಟನ್ನು ಯಾವ ದಿನಕ್ಕೆ ತೆಗೆಯಬೇಕು? ಅರ್ಧ ತರಗತಿ ಶನಿವಾರ ಎಂದಿತು. ಹಾಗೆ ತೆಗೆದು ಬಸ್ ನಿಲ್ದಾಣಕ್ಕೆ ಹೋದರೆ ಬಸ್ಸು ಹಿಂದಿನ ರಾತ್ರಿಯೇ ಹೋಗಿರುತ್ತದೆ. ಒಬ್ಬ ಹುಡುಗ, "ನಮ್ಮಜ್ಜಿ ಪ್ರಕಾರ ಬೆಳಕು ಹರಿದ ಮೇಲೇನೇ ಭಾನುವಾರ" ಎಂದ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೇ ಆದ್ದರಿಂದ ಅಜ್ಜಿಯ ಮಾತು ಪೂರ್ತಿ ಸರಿ, ದತ್ತಸಂಚಯಕ್ಕೆ ಮಾತ್ರ ದಿನ ಆರಂಭವಾಗುವುದು 00:00ಕ್ಕೆ ಎಂದು ಪ್ರಶಿಕ್ಷಣಾರ್ಥಿ ವಿವರಿಸಿದರು. ಇದಾದ ಮೇಲೆ ಬಿಟ್ವೀನ್ ಏಕೆ ಎಡವಿತು ಎಂಬುದನ್ನು ಮಕ್ಕಳೇ ಹೇಳಿದರು.

ಬೋಧನೋಪಕರಣ ಒಂದು ಉದ್ದನೆಯ ಬಿಳಿ ಹಾಳೆ, ಅದರ ಮೇಲೆ ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ದಿನಗಳ ಅಳತೆ, ಬಣ್ಣದ ಕಾಗದದ ಒಂಬತ್ತು ಪಟ್ಟಿಗಳು. ಪುಸ್ತಕ ಹೋದ ದಿನದಿಂದ ಬಂದ ದಿನದವರೆಗೆ ಒಂದೊಂದು ಪಟ್ಟಿ ಅಂಟಿಸಿದರು. ಬಾರದ ಮೂರು ಪುಸ್ತಕಗಳ ಪಟ್ಟಿಗಳ ಬಲತುದಿ ಅಂಟಿಸದೆ ಗಾಳಿಗೆ ಹಾರಾಡುವಂತೆ ಬಿಟ್ಟರು. ಈ ಹಾರಾಡುವ ತುದಿ ಪ್ರಶಿಕ್ಷಣಾರ್ಥಿಯದೇ ಕಲ್ಪನೆ; ನಲ್ ಎಂದರೇನು ಎಂಬುದಕ್ಕೆ ನನ್ನ ಇಷ್ಟು ವರ್ಷದ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಆಗಸ್ಟ್ 20ರ ಬೆಳಿಗ್ಗೆ 10 ಗಂಟೆಗೆ ಯಾವ ಪುಸ್ತಕಗಳು ಹೊರಗಿದ್ದವು? ಹಾಳೆಯ ಮೇಲೆ 20ರ ಬಳಿ ಅಡಿಪಟ್ಟಿಯನ್ನು ನೆಟ್ಟಗೆ ಹಿಡಿದು ಅದಕ್ಕೆ ತಗಲುವ ಕಾಗದಗಳನ್ನು ಓದಿದರು: 4 ಮತ್ತು 5. ಉತ್ತರ ನೋಟ್‌ಪುಸ್ತಕದಲ್ಲಿ ಬರೆದ ಮೇಲೆಯೇ ಗಣಕದ ಮುಂದೆ ಕೂರಬೇಕೆಂಬುದು ಅಂದಿನ ಕಟ್ಟುನಿಟ್ಟು. ಮೊದಲ ಪ್ರಯತ್ನ, ಕೊಟ್ಟದ್ದು 20ರ 10 ಗಂಟೆಗಿಂತ ಮೊದಲು ಆಂಡ್ ಮರಳಿಸಿದ್ದು ಅದಕ್ಕಿಂತ ನಂತರ. ಬಂದದ್ದು 5ನೇ ಸಾಲು ಮಾತ್ರ, ಹಾರಾಡುವ ತುದಿಯದು ಬಿಟ್ಟುಹೋಯಿತು. ಕೊನೆಗೆ ಆರ್ ಮರಳಿಸಿದ್ದು ಈಸ್ ನಲ್ ಎಂದು ಸೇರಿಸಿದರು. ಈಗ ನಾಲ್ಕು ಸಾಲುಗಳು: 4, 5, 7, 9. ಆಂಡ್ ಎಂಬುದು ಆರ್‌ಗಿಂತ ಬಿಗಿಯಾಗಿ ಹಿಡಿಯುತ್ತದೆ, ಆದ್ದರಿಂದ ಆಗಸ್ಟ್ 31ಕ್ಕೂ ಸೆಪ್ಟೆಂಬರ್ 2ಕ್ಕೂ ಕೊಟ್ಟ ಪುಸ್ತಕಗಳು ಆಗಸ್ಟ್ 20ರಂದೇ ಹೊರಗಿದ್ದಂತೆ ಬಂದವು. ಆವರಣ ಹಾಕಿದ ಮೇಲೆ ಕೈಲೆಕ್ಕಕ್ಕೆ ತಾಳೆಯಾಯಿತು:

ವೇರ್ ಕೊಟ್ಟದ್ದು <= '2024-08-20 10:00' ಆಂಡ್ (ಮರಳಿಸಿದ್ದು > '2024-08-20 10:00' ಆರ್ ಮರಳಿಸಿದ್ದು ಈಸ್ ನಲ್)

ಈ ಮೂರೂ ಪ್ರಯತ್ನಗಳಲ್ಲಿ ಗಣಕ ಒಮ್ಮೆಯೂ ದೋಷ ಸಂದೇಶ ಕೊಡಲಿಲ್ಲ. ಅಲ್ಪವಿರಾಮ ತಪ್ಪಿದರೆ ಕೆಂಪಕ್ಷರ ತೋರಿಸುವ ಯಂತ್ರ, ಕಾಲದ ಅರ್ಥ ತಪ್ಪಿದಾಗ ಸುಮ್ಮನೆ ಒಂದು ಸಂಖ್ಯೆ ಕೊಟ್ಟು ಕೂರುತ್ತದೆ. ಕೈಲೆಕ್ಕದ ಹಾಳೆ ಪಕ್ಕದಲ್ಲಿ ಇಲ್ಲದಿದ್ದರೆ ಮೊದಲ ಪ್ರಯತ್ನಕ್ಕೇ ಎಲ್ಲರೂ 'ಬಂತು' ಎನ್ನುತ್ತಿದ್ದರು. ಮೌಲ್ಯಮಾಪನದಲ್ಲಿ ಆದೇಶದ ವ್ಯಾಕರಣಕ್ಕೆ ಮಾತ್ರ ಅಂಕ ಕೊಡುವ ನಮ್ಮ ಪದ್ಧತಿಯ ಬಗ್ಗೆ ಆಗ ನನಗೆ ಕಸಿವಿಸಿಯಾಯಿತು.

ಆಗಸ್ಟಿನಲ್ಲಿ ಒಂದು ದಿನವಾದರೂ ಹೊರಗಿದ್ದ ಪುಸ್ತಕಗಳು ಯಾವುವು ಎಂಬುದು ಇದಕ್ಕಿಂತ ತೊಡಕಿನ ಪ್ರಶ್ನೆ. ಕೈಲೆಕ್ಕದಲ್ಲಿ ಎಂಟು. ಹೆಚ್ಚಿನವರು 'ಆಗಸ್ಟಿನಲ್ಲಿ ಕೊಟ್ಟದ್ದು, ಅಥವಾ ಆಗಸ್ಟಿನಲ್ಲಿ ಮರಳಿಸಿದ್ದು' ಎಂದು ಬರೆದರು, ಎಂಟೇ ಬಂತು. ಪ್ರಶಿಕ್ಷಣಾರ್ಥಿ ಮುಂದಕ್ಕೆ ಹೋಗುವವರಿದ್ದರು; ಈ ಬಾರಿ ನಾನು ಕೈ ಎತ್ತಿದೆ. ಜುಲೈ 25ಕ್ಕೆ ಕೊಂಡೊಯ್ದು ಸೆಪ್ಟೆಂಬರ್ 4ಕ್ಕೆ ತಂದ ಹತ್ತನೇ ಸಾಲೊಂದನ್ನು ಸೇರಿಸಿ ಎಂದೆ. ಆ ಪಟ್ಟಿ ಇಡೀ ಆಗಸ್ಟನ್ನು ದಾಟಿ ಹೋಗುತ್ತದೆ, ಅದರ ಎರಡು ತುದಿಗಳಲ್ಲಿ ಒಂದೂ ಆಗಸ್ಟಿನಲ್ಲಿಲ್ಲ. ಆದೇಶ ಮತ್ತೆ ಎಂಟು ಎಂದಿತು, ಹಾಳೆ ಒಂಬತ್ತು ಎಂದಿತು.

ಎರಡು ಅವಧಿಗಳು ಒಂದಕ್ಕೊಂದು ಹೇಗೆಲ್ಲ ಇರಬಹುದು ಎಂಬುದನ್ನು ಜೇಮ್ಸ್ ಅಲೆನ್ 1983ರಲ್ಲಿ ಹದಿಮೂರು ಸಂಬಂಧಗಳಾಗಿ ವಿಂಗಡಿಸಿದ್ದಾರೆ. ಹದಿಮೂರನ್ನೂ ಮಕ್ಕಳ ಮುಂದೆ ಸುರಿಯಬೇಕಾಗಿಲ್ಲ. ಪ್ರಶ್ನೆಯನ್ನು ತಿರುಗಿಸಿದರೆ ಸಾಕು: ಯಾವ ಪಟ್ಟಿ ಆಗಸ್ಟನ್ನು ಮುಟ್ಟುವುದೇ ಇಲ್ಲ? ಆಗಸ್ಟ್ ಹುಟ್ಟುವ ಮೊದಲೇ ಮುಗಿದದ್ದು, ಅಥವಾ ಆಗಸ್ಟ್ ಮುಗಿದ ಮೇಲೆ ಆರಂಭವಾದದ್ದು. ಉಳಿದದ್ದೆಲ್ಲ ಮುಟ್ಟುತ್ತದೆ. ಅಂದರೆ ಕೊಟ್ಟದ್ದು ಸೆಪ್ಟೆಂಬರ್ 1ಕ್ಕಿಂತ ಮೊದಲು, ಮತ್ತು ಮರಳಿಸಿದ್ದು ಆಗಸ್ಟ್ 1ಕ್ಕೆ ಅಥವಾ ಅದರ ನಂತರ ಇಲ್ಲವೇ ನಲ್. ಮೂರೇ ಷರತ್ತು, ಎರಡನೆಯದಕ್ಕೂ ಮೂರನೆಯದಕ್ಕೂ ಆವರಣ.

ದಿನಾಂಕವನ್ನು 31/08/2024 ಎಂದು ಅಕ್ಷರಗಳಾಗಿ ಸಂಗ್ರಹಿಸಿದರೆ ಏನಾಗುತ್ತದೆ ಎಂಬುದಕ್ಕೆ ಐದೇ ನಿಮಿಷ ಉಳಿದಿತ್ತು. ಅಕ್ಷರಗಳ ಲೆಕ್ಕದಲ್ಲಿ 02/09/2024 ಎಂಬುದು 31/08/2024ಕ್ಕಿಂತ ಮೊದಲು ಬರುತ್ತದೆ. ಇದನ್ನು ತೋರಿಸಿ ಮುಗಿಸಿದರು. ಅಷ್ಟು ಸಾಕು.

ತಡ ಮಾಡಿದವರ ಪಟ್ಟಿಯನ್ನು ಮತ್ತೆ ತೆಗೆದಾಗ 41 ಇದ್ದದ್ದು 43 ಆಗಿತ್ತು, 18 ಇದ್ದದ್ದು 20, 16 ಇದ್ದದ್ದು 18. ಆದೇಶ ಅದೇ, ಉತ್ತರ ಬೇರೆ. ನೌ() ಇರುವ ಆದೇಶಕ್ಕೆ ಬುಧವಾರದ ಉತ್ತರ ಶುಕ್ರವಾರ ಸಿಗುವುದಿಲ್ಲ. ಐದನೇ ಸಾಲಿನಲ್ಲಿ ಗ್ರಂಥಪಾಲಕರು ಅಷ್ಟರಲ್ಲಿ ಆಗಸ್ಟ್ 27 ಎಂದು ತಿದ್ದಿದ್ದರು, 12 ಪಟ್ಟಿಯಲ್ಲಿರಲಿಲ್ಲ. ತಿದ್ದುವಾಗ ಹಳೆಯ ನಮೂದು ಅಳಿಸಿಹೋಯಿತೆಂದು ಒಬ್ಬ ವಿದ್ಯಾರ್ಥಿ ಆಕ್ಷೇಪ ಎತ್ತಿದ. ಅದಕ್ಕೆ ಇನ್ನೊಂದು ಕಾಲಂ ಬೇಕು ಎಂದಷ್ಟೇ ಹೇಳಿ ಬಿಟ್ಟೆವು.

ಕೊನೆಗೆ ಆ ಹುಡುಗಿ ಕೇಳಿದಳು: "ಮಿಸ್, ಹದಿನೈದು ದಿನ ಅಂದ್ರೆ ತಗೊಂಡ ದಿನಾನೂ ಸೇರಿಸಿಯಾ?" ಪ್ರಶಿಕ್ಷಣಾರ್ಥಿಗೂ ನನಗೂ ಇದು ಹೊಳೆದಿರಲಿಲ್ಲ. ಡೇಟ್‌ಡಿಫ್ ಕೊಟ್ಟ ದಿನವನ್ನು ಎಣಿಸುವುದಿಲ್ಲ. ನಾವು ಮಾತಿನಲ್ಲಿ ಎಣಿಸುತ್ತೇವೆ: ಮಂಗಳವಾರದಿಂದ ಮುಂದಿನ ಮಂಗಳವಾರಕ್ಕೆ ಎಂಟು ದಿನ, ಅದರ ಮುಂದಿನ ಮಂಗಳವಾರಕ್ಕೆ ಹದಿನೈದು ದಿನ. ಅವಳನ್ನೇ ಗ್ರಂಥಪಾಲಕರ ಬಳಿ ಕಳಿಸಿದೆವು. ಅವರು, "ಮಂಗಳವಾರ ಒಯ್ದರೆ ಮಂಗಳವಾರ ತರಬೇಕು, ಬುಧವಾರ ತಂದರೆ ದಂಡ" ಎಂದು ಹೇಳಿ ಕಳಿಸಿದರು. ಹಾಗಾದರೆ ನಾವಿಬ್ಬರೂ ಒಪ್ಪಿ ತಿದ್ದಿದ ಆದೇಶದಲ್ಲೂ 15ರ ಜಾಗದಲ್ಲಿ 14 ಇರಬೇಕಾಗಿತ್ತು. ಬದಲಿಸಿ ನಡೆಸಿದೆವು. ಬಂದ ಸಾಲುಗಳು ಅವೇ, ಒಂದೂ ವ್ಯತ್ಯಾಸವಿಲ್ಲ. ಪ್ರಶಿಕ್ಷಣಾರ್ಥಿ ಗೊಂದಲದಿಂದ ಪರದೆಯನ್ನು ನೋಡುತ್ತಿದ್ದಂತೆ ಹುಡುಗಿ ಹನ್ನೊಂದನೇ ಸಾಲು ಬರೆಸಿದಳು: ಕೊಟ್ಟದ್ದು ಸೆಪ್ಟೆಂಬರ್ 2ರ ಸೋಮವಾರ, ಮರಳಿಸಿದ್ದು ಸೆಪ್ಟೆಂಬರ್ 17ರ ಮಂಗಳವಾರ. 15 ಎಂದಿದ್ದಾಗ ಆ ಸಾಲು ಬರಲಿಲ್ಲ, 14 ಎಂದಾಗ ಬಂತು.